ಮತದಾರನ ತೀರ್ಪಿಗೆ ಮೇಲ್ಮನವಿ ಎಲ್ಲಿ?

ಪ್ರಜಾಪ್ರಭುತ್ವದಲ್ಲಿ ಮತದಾರನೇ ಪ್ರಭುವೆಂಬ ಮಾತು ಶಾಲೆಯ ಪೌರನೀತಿಯ ಪುಸ್ತಕದಿಂದ ಹಿಡಿದು ವಿಧಾನಸೌಧದ ವೇದಿಕೆಯವರೆಗೆ ಎಲ್ಲೆಡೆಯೂ ಕೇಳಿಬರುತ್ತದೆ. ಹೇಳುವುದಕ್ಕೆ ಅದು ಸುಲಭವಾದ ಮಾತು. ಮತದಾರನು ಕೊಟ್ಟ ತೀರ್ಪು ಆಳುವವರಿಗೆ ಅನನುಕೂಲವಾದಾಗ ಅದಕ್ಕೆ ತಲೆಬಾಗುವುದು ಮಾತ್ರ ಕಷ್ಟದ ಕೆಲಸ. ಆ ತೀರ್ಪನ್ನು ಬದಿಗೊತ್ತುವ ಶಕ್ತಿ ಸರ್ಕಾರಗಳಿಗಿದೆ. ಕೆಲವು ಸಂದರ್ಭಗಳಲ್ಲಿ ನ್ಯಾಯಾಲಯಗಳಿಗೂ ಇದೆ. ಅಂತಹ ಶಕ್ತಿ ಯಾರಿಗೂ ಇರಲೇಬಾರದೆಂದು ವಾದಿಸುವುದು ವಿವೇಕವಾಗದು. ಅಕ್ರಮದಿಂದ ಗೆದ್ದವನ ಆಯ್ಕೆಯನ್ನು ರದ್ದುಪಡಿಸಲು ಒಂದು ಪೀಠ ಬೇಕೇ ಬೇಕು. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಮತದಾರನ ಕೈಯಿಂದ ತೆಗೆದುಕೊಂಡ ನಿರ್ಣಯವನ್ನು ಆ ಅಧಿಕಾರವು ಮರಳಿ ಮತದಾರನ ಕೈಗೆ ಒಪ್ಪಿಸುವುದೇ? ಒಪ್ಪಿಸುವುದಾದರೆ ಯಾವ ದಿನ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ಈ ಪ್ರಶ್ನೆಯ ಬೆಲೆ ಚೆನ್ನಾಗಿ ತಿಳಿದಿರಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಫರ್ಮಾನು ಹೊರಟಿತೆಂದರೆ ಅದೇ ಕಾನೂನು. ವಯಸ್ಕರೆಲ್ಲರಿಗೂ ಮತವೆಂಬ ಕಲ್ಪನೆಗೆ ಅಲ್ಲಿ ಎಡೆಯಿರಲಿಲ್ಲ. ದೇಶದ ಪ್ರಥಮ ಮಹಾಚುನಾವಣೆಯಲ್ಲಿ ಇಲ್ಲಿಯ ಒಕ್ಕಲಿಗನೂ ಕೂಲಿಕಾರನೂ ಹೆಣ್ಣುಮಕ್ಕಳೂ ಸಾಲಿನಲ್ಲಿ ನಿಂತು ಮತ ಹಾಕಿದರು. 1956ರ ನವೆಂಬರ್ 1ರಂದು ಈ ಪ್ರದೇಶ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಶಾಲೆಗಳ ಅಂಗಳದಲ್ಲಿ ಧ್ವಜವೇರಿಸುವಾಗ ಸ್ಮರಿಸಬೇಕಾದುದು ಒಬ್ಬ ಅರಸನ ಪತನವನ್ನಷ್ಟೇ ಅಲ್ಲ, ಆಳುವವನನ್ನು ಆರಿಸುವ ಹಕ್ಕು ಸಾಮಾನ್ಯನ ಕೈಗೆ ಬಂದುದನ್ನೂ ಸಹ.

ಸ್ವತಂತ್ರ ಭಾರತದಲ್ಲಿ ಆ ಹಕ್ಕನ್ನು ಮೀರಿ ನಡೆದ ಪ್ರಕರಣಗಳಲ್ಲಿ ಕರ್ನಾಟಕದ್ದೇ ಒಂದು ರಾಷ್ಟ್ರಕ್ಕೆಲ್ಲ ಪಾಠವಾಗಿ ನಿಂತಿದೆ. 1985ರ ಮಾರ್ಚ್‌ನಲ್ಲಿ ರಾಜ್ಯದ ಮತದಾರರು ಜನತಾ ಪಕ್ಷಕ್ಕೆ ಬಹುಮತ ನೀಡಿದರು. 1988ರ ಆಗಸ್ಟ್ 13ರಂದು ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮರುವರ್ಷದ ಏಪ್ರಿಲ್‌ನಲ್ಲಿ ಮಂತ್ರಿಮಂಡಲದ ವಿಸ್ತರಣೆಯಾದ ಬೆನ್ನಿಗೇ ಒಬ್ಬ ಶಾಸಕರು ಪಕ್ಷ ತೊರೆದು, 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಅವರಲ್ಲಿ 7 ಮಂದಿ ಬಳಿಕ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದು ತಿಳಿಸಿದರು. ಬೇಕಾದರೆ ಅಧಿವೇಶನವನ್ನು ಬೇಗನೆ ಕರೆದು ಸದನದಲ್ಲಿಯೇ ಬಹುಮತ ತೋರಿಸುವುದಾಗಿ ಮುಖ್ಯಮಂತ್ರಿಗಳು ಹೇಳಿದರು. ಆ ಅವಕಾಶ ದೊರೆಯಲಿಲ್ಲ. 1989ರ ಏಪ್ರಿಲ್ 21ರಂದು ಸಂವಿಧಾನದ 356ನೆಯ ವಿಧಿಯಂತೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು.

ಬೊಮ್ಮಾಯಿಯವರು ಹೈಕೋರ್ಟಿನ ಮೆಟ್ಟಿಲೇರಿದರು. ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ತೀರ್ಪು ನೀಡಿ, ಕರ್ನಾಟಕದಲ್ಲಿ ನಡೆದ ವಜಾ ಸಂವಿಧಾನಬಾಹಿರವೆಂದು ಸಾರಿತು. ಸರ್ಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಒರೆಗೆ ಹಚ್ಚಬೇಕಾದ ಸ್ಥಳ ಸದನ. ರಾಜಭವನದಲ್ಲಿ ಕುಳಿತು ತಲೆ ಎಣಿಸುವುದು ಸಲ್ಲದು. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು. ಘೋಷಣೆ ತಪ್ಪೆಂದು ಕಂಡುಬಂದರೆ ವಜಾಗೊಂಡ ಸರ್ಕಾರವನ್ನೂ ವಿಸರ್ಜಿತ ಸಭೆಯನ್ನೂ ಮರಳಿ ಸ್ಥಾಪಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂದಿನಿಂದ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ಈ ತೀರ್ಪಿನ ಹೆಸರು ಕೇಳಿಬರುತ್ತದೆ.

ತೀರ್ಪು ಬಂದುದೇನೋ ಸರಿ, ಬಂದ ಕಾಲವನ್ನು ನೋಡಬೇಕು. ವಜಾ ಆದ ದಿನದಿಂದ ತೀರ್ಪಿನ ದಿನದವರೆಗೆ ಸುಮಾರು ಐದು ವರ್ಷಗಳು. ಎಂದರೆ ಒಂದು ವಿಧಾನಸಭೆಯ ಪೂರ್ಣ ಆಯುಷ್ಯ. ಅಷ್ಟರಲ್ಲಿ 1989ರ ನವೆಂಬರ್‌ನಲ್ಲಿ ಚುನಾವಣೆ ನಡೆದು, ಕಾಂಗ್ರೆಸ್ 178 ಸ್ಥಾನ ಗಳಿಸಿ, ಇದೇ ಜಿಲ್ಲೆಯವರಾದ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದರು. ಅವರನ್ನೂ ಹನ್ನೊಂದು ತಿಂಗಳು ತುಂಬುವ ಮೊದಲೇ ಇಳಿಸಲಾಯಿತು. 1990ರ ಅಕ್ಟೋಬರ್‌ನಲ್ಲಿ ಒಂದು ವಾರದ ಮಟ್ಟಿಗೆ ರಾಷ್ಟ್ರಪತಿ ಆಳ್ವಿಕೆ ಮತ್ತೆ ಬಂದು ಹೋಯಿತು. ಹೀಗೆ 1985ರ ಮತದಾರನಿಗೆ 1994ರಲ್ಲಿ ನ್ಯಾಯ ದೊರೆತಾಗ ಆತನಿಗೆ ಹಿಂದಿರುಗಿಸಿ ಕೊಡಲು ಏನೂ ಉಳಿದಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಮುಂದಿನವರಿಗೆ ಆ ಬಾಗಿಲು ಉಪಯೋಗಕ್ಕೆ ಬಂದಿತೆಂಬುದೇ ಸಮಾಧಾನ.

ಇಲ್ಲಿ ಒಂದು ಆಕ್ಷೇಪ ಏಳಬಹುದು. 1989ರ ನವೆಂಬರ್‌ನಲ್ಲಿ ಮತದಾರರೇ ಜನತಾ ದಳವನ್ನು ಸೋಲಿಸಿದರಲ್ಲ. ಹಾಗಾದರೆ ವಜಾ ಮಾಡಿದುದು ಜನರ ಇಚ್ಛೆಗೆ ಅನುಗುಣವಾಗಿಯೇ ಇತ್ತಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಹನ್ನೊಂದು ವರ್ಷ ಹಿಂದಿನ ಇನ್ನೊಂದು ಘಟನೆಯಲ್ಲಿ ದೊರೆಯುತ್ತದೆ. 1977ರ ಡಿಸೆಂಬರ್ 31ರಂದು ಕೇಂದ್ರದ ಜನತಾ ಸರ್ಕಾರ ದೇವರಾಜ ಅರಸರ ಸರ್ಕಾರವನ್ನು ವಜಾ ಮಾಡಿತು. ಎರಡು ತಿಂಗಳೊಳಗೆ ಚುನಾವಣೆ ನಡೆದು, 1978ರ ಫೆಬ್ರುವರಿ ಕೊನೆಗೆ ಅದೇ ಅರಸರು ಮತ್ತೆ ಮುಖ್ಯಮಂತ್ರಿಗಳಾದರು. ಒಮ್ಮೆ ವಜಾ ಆದವರನ್ನು ಮತದಾರ ಮರಳಿ ಕೂಡಿಸಿದ, ಮತ್ತೊಮ್ಮೆ ಕೂಡಿಸಲಿಲ್ಲ. ಮತದಾರನ ಮನಸ್ಸನ್ನು ಮುಂಗಂಡು ಆತನ ಪರವಾಗಿ ತೀರ್ಮಾನಿಸುವೆನೆಂಬುದು ಯಾರಿಂದಲೂ ಆಗದ ಕೆಲಸ ಎಂಬುದಕ್ಕೆ ಇವೆರಡೂ ಸಾಕ್ಷಿ. ಈ ತಪ್ಪನ್ನು ಮಾಡಿದವರು ಯಾವುದೋ ಒಂದೇ ಪಕ್ಷದವರಲ್ಲವೆಂಬುದನ್ನೂ ಗಮನಿಸಬೇಕು. ಕೈಗೆ ಸಿಕ್ಕಿದ ಅಸ್ತ್ರವನ್ನು ಸಿಕ್ಕಿದವರೆಲ್ಲ ಬಳಸಿದರು.

ಬೊಮ್ಮಾಯಿ ತೀರ್ಪಿನ ಫಲ ಜೇವರ್ಗಿಯ ಜನರ ಕಣ್ಣೆದುರಿಗೇ ಕಾಣಿಸಿಕೊಂಡಿತು. ಜೇವರ್ಗಿ ಕ್ಷೇತ್ರದಿಂದ ಅನೇಕ ಬಾರಿ ಆರಿಸಿಬಂದ ಧರಂ ಸಿಂಗ್ ಅವರು 2004ರ ಮೇ ತಿಂಗಳಲ್ಲಿ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಗಳಾದರು. 2006ರ ಜನವರಿಯಲ್ಲಿ ಜೊತೆಗಿದ್ದ ಪಕ್ಷದ ಬಹುಪಾಲು ಶಾಸಕರು ದೂರ ಸರಿದಾಗ, ರಾಜ್ಯಪಾಲರು ಸದನದಲ್ಲಿ ಬಹುಮತ ಸಾಬೀತುಪಡಿಸುವಂತೆ ಸೂಚಿಸಿದರು. ಅದು ಸಾಧ್ಯವಾಗದೆ ಅವರು ರಾಜೀನಾಮೆ ನೀಡಿದರು. ತಮ್ಮೂರಿನ ನಾಯಕ ಅಧಿಕಾರ ಕಳೆದುಕೊಂಡುದು ಈ ಭಾಗದವರಿಗೆ ನೋವಿನ ಸಂಗತಿಯೇ. ಆದರೆ 1989ಕ್ಕೆ ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ವಿಧಾನಸಭೆ ಉಳಿಯಿತು, ಮತದಾರರು ಆರಿಸಿ ಕಳಿಸಿದವರು ಮನೆಗೆ ಹೋಗಬೇಕಾಗಲಿಲ್ಲ. 2018ರ ಮೇ ತಿಂಗಳಲ್ಲಿ ಹೊಸ ಮುಖ್ಯಮಂತ್ರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನಗಳ ಕಾಲ ಕೊಟ್ಟಾಗ ಸುಪ್ರೀಂ ಕೋರ್ಟು ರಾತ್ರಿಯಿಡೀ ವಿಚಾರಣೆ ನಡೆಸಿ, ಮೇ 19ರ ಸಂಜೆಯೊಳಗೇ ಸದನದಲ್ಲಿ ಮತ ಎಣಿಸಬೇಕೆಂದು ಆದೇಶಿಸಿತು. ಯಾರು ಆಳಬೇಕೆಂದು ನ್ಯಾಯಾಲಯ ಹೇಳಲಿಲ್ಲ. ಆರಿಸಿ ಬಂದವರು ಕೂಡಿ ಹೇಳಲೆಂದು ದಿನವನ್ನೂ ವೇಳೆಯನ್ನೂ ಗೊತ್ತುಮಾಡಿತು. ನ್ಯಾಯಾಲಯ ಮಾಡಬೇಕಾದ ಕೆಲಸ ಇಷ್ಟೇ. ಇಷ್ಟಾದರೆ ಅದು ದೊಡ್ಡ ಕೆಲಸ.

ರಾಜ್ಯದ ಮಟ್ಟದಲ್ಲಿ ಇಷ್ಟು ಕಾವಲು ಏರ್ಪಟ್ಟಿತು. ಊರಿನ ಮಟ್ಟಕ್ಕೆ ಇಳಿದು ನೋಡಿದರೆ ಚಿತ್ರ ಬೇರೆಯೇ ಇದೆ. ವಿಧಾನಸಭೆಯನ್ನು ವಿಸರ್ಜಿಸಲು ಒಂದು ಘೋಷಣೆಯಾದರೂ ಬೇಕು. ಅದು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುತ್ತದೆ, ಊರೆಲ್ಲ ಚರ್ಚೆ ನಡೆಯುತ್ತದೆ. ತಾಲೂಕು ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿಗಳ ವಿಷಯದಲ್ಲಿ ಇದಾವುದೂ ಬೇಕಾಗುವುದಿಲ್ಲ. ಅವಧಿ ಮುಗಿಯುವವರೆಗೆ ಸುಮ್ಮನಿದ್ದು, ಮುಗಿದ ಮೇಲೆ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿದರೆ ಸಾಕು. ಗದ್ದಲವಿಲ್ಲದೆ ಮತದಾರನ ಬಾಯಿಗೆ ಬೀಗ ಬೀಳುತ್ತದೆ.

ಈ ಅಭ್ಯಾಸ ಹಳೆಯದು. 1983ರ ಕಾನೂನಿನಂತೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ರೂಪಿಸಿದವರು ಅಬ್ದುಲ್ ನಜೀರ್ ಸಾಬರು. 1987ರ ಜನವರಿಯಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಗಿದ್ದ ಆ ವ್ಯವಸ್ಥೆಯನ್ನು ಕಾಣಲು ದೇಶದ ಬೇರೆ ಬೇರೆ ಭಾಗಗಳಿಂದ ಜನ ಬರುತ್ತಿದ್ದರು. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯದೆ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ದೇಶದ ಇತರ ರಾಜ್ಯಗಳಲ್ಲಿಯೂ ಇಂತಹುದೇ ಅನುಭವವಾಗಿದ್ದುದರಿಂದ ಸಂವಿಧಾನಕ್ಕೆ 73ನೆಯ ತಿದ್ದುಪಡಿಯಾಗಿ, ಅದು 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ನಡೆದಿರಲೇಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು ಎಂದು 243-ಇ ವಿಧಿ ಕಟ್ಟಪ್ಪಣೆ ಮಾಡುತ್ತದೆ.

ಇಷ್ಟು ಸ್ಪಷ್ಟವಾದ ಮಾತಿಗೆ ಆದ ಗತಿಯನ್ನು ನೋಡಬೇಕು. ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರಗಳ ಗಡಿಯನ್ನು ರಾಜ್ಯ ಚುನಾವಣಾ ಆಯೋಗ ಗೊತ್ತುಮಾಡುತ್ತಿದ್ದ ಕಾಲದಲ್ಲಿ, ಸರ್ಕಾರ ಕಾನೂನನ್ನು ತಿದ್ದಿ ಆ ಅಧಿಕಾರವನ್ನು ಆಯೋಗದಿಂದ ತೆಗೆದು, ತಾನೇ ನೇಮಿಸಿದ ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ಮೇಲಿಂದ ಮೇಲೆ ಕಾಲಾವಕಾಶ ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟು 5 ಲಕ್ಷ ರೂಪಾಯಿ ದಂಡ ವಿಧಿಸಿತು. 2023ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಆಳುವ ಪಕ್ಷ ಬದಲಾಯಿತು. ಆದರೂ ತಡೆ ಮುಂದುವರಿಯಿತು. ಅವಧಿ ಮುಗಿದು ನಾಲ್ಕು ವರ್ಷಗಳು ಕಳೆದವು. ಮತಪೆಟ್ಟಿಗೆ ಊರಿಗೆ ಬರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು.

ವಿಳಂಬಕ್ಕೆ ಕಾರಣಗಳೇ ಇರಲಿಲ್ಲವೆಂದು ಹೇಳುವುದು ನ್ಯಾಯವಾಗದು. ಜೇವರ್ಗಿ ತಾಲೂಕನ್ನೇ ನೋಡಬಹುದು. ಅದರಿಂದ ಯಡ್ರಾಮಿ ಬೇರ್ಪಟ್ಟು ಹೊಸ ತಾಲೂಕಾಯಿತು. ತಾಲೂಕು ಎರಡಾದ ಮೇಲೆ ಹಳೆಯ ಕ್ಷೇತ್ರಗಳು ಹಾಗೆಯೇ ಉಳಿಯಲಾರವು. ಗಡಿಯನ್ನು ಹೊಸದಾಗಿ ಎಳೆಯಲೇಬೇಕು. ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಇನ್ನೂ ಗಂಭೀರವಾದುದು. ಪ್ರತ್ಯೇಕ ಆಯೋಗದ ಅಧ್ಯಯನವಿಲ್ಲದೆ ಸ್ಥಳೀಯ ಸಂಸ್ಥೆಗಳಲ್ಲಿ ಆ ಮೀಸಲಾತಿ ನಿಲ್ಲದೆಂದು ಸುಪ್ರೀಂ ಕೋರ್ಟು 2021ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹೇಳಿತು. ಕರ್ನಾಟಕವು ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗವನ್ನು ನೇಮಿಸಿತು. ಮೀಸಲಾತಿಯಿಲ್ಲದ ಚುನಾವಣೆ ದುರ್ಬಲರ ಬಾಗಿಲನ್ನು ಮುಚ್ಚುವುದೆಂಬ ಆತಂಕ ನಿಜವಾದ ಆತಂಕ. ಅದನ್ನು ಹಗುರವಾಗಿ ಕಾಣುವವನು ಈ ನಾಡಿನ ಸಾಮಾಜಿಕ ಚರಿತ್ರೆಯನ್ನು ಅರಿಯದವನು.

ಆದರೆ ಆ ಆಯೋಗ 2022ರ ಜುಲೈನಲ್ಲಿಯೇ ವರದಿ ಒಪ್ಪಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂತಹ ಅಧ್ಯಯನ ಮುಗಿದಿಲ್ಲವೆಂಬುದು ಸ್ಥಳೀಯ ಚುನಾವಣೆಯನ್ನು ಮುಂದೂಡಲು ನೆಪವಾಗದೆಂದು ತಿಳಿಸಿತ್ತು. 2006ರ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿಯೂ ಅವಧಿಯೊಳಗೆ ಚುನಾವಣೆ ನಡೆಸುವುದು ಸಂವಿಧಾನದ ಕಡ್ಡಾಯ ಆಜ್ಞೆಯೆಂದೇ ಅದು ಹೇಳಿತ್ತು. ಇನ್ನು ಗಡಿ ಗುರುತಿಸುವ ಕೆಲಸ. ಐದು ವರ್ಷಕ್ಕೊಮ್ಮೆ ಬರುವ ಚುನಾವಣೆ ಮಳೆಗಾಲದ ನೆರೆಯಂತೆ ಹಠಾತ್ತನೆ ಬರುವುದಲ್ಲ. ಅದರ ದಿನ ಐದು ವರ್ಷ ಮೊದಲೇ ಗೊತ್ತಿರುತ್ತದೆ. ಮೃಗಶಿರಾ ಮಳೆ ಬೀಳುವವರೆಗೆ ಹೊಲ ಹಸನು ಮಾಡದೆ ಕುಳಿತು, ಬಿತ್ತನೆಗೆ ಕಾಲ ಸಾಲದೆಂದು ದೂರುವ ಒಕ್ಕಲಿಗನನ್ನು ಈ ಮೂರು ತಾಲೂಕುಗಳಲ್ಲಿ ಯಾರೂ ಮೆಚ್ಚುವುದಿಲ್ಲ.

ಇದರಿಂದ ಜನರಿಗೆ ಆದ ನಷ್ಟವೇನು? ಕಚೇರಿಗಳಿಗೆ ಬೀಗ ಬೀಳಲಿಲ್ಲ; ಅಧಿಕಾರಿಗಳು ಕೆಲಸ ಮಾಡಿದರು, ಅವರಲ್ಲಿ ಪ್ರಾಮಾಣಿಕರೂ ಸಮರ್ಥರೂ ಇದ್ದಾರೆ. ಭೇದವಿರುವುದು ಉತ್ತರದಾಯಿತ್ವದಲ್ಲಿ. ಅಫಜಲಪುರ ತಾಲೂಕಿನ ಭೀಮಾ ತೀರದ ಹಳ್ಳಿಗಳು 2020ರ ಅಕ್ಟೋಬರ್‌ನಲ್ಲಿ ನೆರೆಯಿಂದ ತತ್ತರಿಸಿದವು. ಅಂತಹ ವರ್ಷದಲ್ಲಿ ಯಾವ ರಸ್ತೆಯನ್ನು ಮೊದಲು ಎತ್ತರಿಸಬೇಕು, ಯಾವ ಶಾಲೆಯ ಗೋಡೆಯನ್ನು ಮೊದಲು ಕಟ್ಟಬೇಕು, ಯಾವ ಊರಿಗೆ ಕುಡಿಯುವ ನೀರು ಮೊದಲು ಹೋಗಬೇಕೆಂಬ ತೀರ್ಮಾನಗಳು ತಾಲೂಕಿನಲ್ಲಿ ಆಗುತ್ತವೆ. ಆರಿಸಿ ಬಂದ ಸದಸ್ಯನಿದ್ದರೆ ಹಳ್ಳಿಯವರು ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಆತನನ್ನು ತಡೆದು ಕೇಳಬಹುದು. ಮರು ಚುನಾವಣೆಯಲ್ಲಿ ಲೆಕ್ಕ ಚುಕ್ತಾ ಮಾಡಬಹುದು. ಅಧಿಕಾರಿಯ ವರ್ಗಾವಣೆ ಮತದಾರನ ಕೈಯಲ್ಲಿಲ್ಲ. ಆತನು ಉತ್ತರ ಕೊಡಬೇಕಾದುದು ಮೇಲಿನವರಿಗೆ. ಆ ಮೇಲಿನವರು ಇರುವುದು ನೂರಾರು ಮೈಲಿ ದೂರದ ಬೆಂಗಳೂರಿನಲ್ಲಿ.

ಕಳೆದುಕೊಂಡವರಲ್ಲಿ ಹೆಣ್ಣುಮಕ್ಕಳೇ ಮೊದಲಿಗರು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲು. ವಿಧಾನಸಭೆಯ ಬಾಗಿಲು ಅವರಿಗೆ ಇನ್ನೂ ಕಿರಿದಾಗಿಯೇ ಇರುವಾಗ, ತಾಲೂಕು ಪಂಚಾಯಿತಿಯ ಕುರ್ಚಿ ಸಾರ್ವಜನಿಕ ಜೀವನಕ್ಕೆ ಮೊದಲ ಮೆಟ್ಟಿಲಾಗಿತ್ತು. ಅನಂತರ ತರುಣರು. 2016ರ ಫೆಬ್ರುವರಿಯ ಬಳಿಕ 18 ವರ್ಷ ತುಂಬಿದವರು ಲೋಕಸಭೆಗೂ ವಿಧಾನಸಭೆಗೂ ಮತ ಹಾಕಿದರು. ಗ್ರಾಮ ಪಂಚಾಯಿತಿಗೂ ಹಾಕಿದರು. ತಮ್ಮ ತಾಲೂಕಿನ ಪಂಚಾಯಿತಿಗೆ ಮತ ಹಾಕುವ ಅವಕಾಶವಿಲ್ಲದೆಯೇ ಅವರಲ್ಲಿ ಅನೇಕರು ಓದು ಮುಗಿಸಿದರು, ಮದುವೆಯಾದರು, ಮಕ್ಕಳನ್ನು ಪಡೆದರು.

ಮುಂದೂಡಿಕೆಯು ಎಷ್ಟು ಸವಿಯಾದ ರೋಗವೆಂಬುದನ್ನು ದೇಶ ಒಮ್ಮೆ ಅನುಭವಿಸಿದೆ. 1971ರ ಮಾರ್ಚ್‌ನಲ್ಲಿ ಆರಿಸಿದ ಲೋಕಸಭೆಯ ಅವಧಿ 1976ರಲ್ಲಿ ಮುಗಿಯಬೇಕಾಗಿತ್ತು. ತುರ್ತು ಪರಿಸ್ಥಿತಿಯ ಹೆಸರಿನಲ್ಲಿ ಅದನ್ನು ಎರಡು ಬಾರಿ ವಿಸ್ತರಿಸಲಾಯಿತು. ಕೊನೆಗೆ 1977ರ ಮಾರ್ಚ್‌ನಲ್ಲಿ ಮತದಾರನನ್ನು ಕೇಳಿದಾಗ ಬಂದ ಉತ್ತರ ಎಲ್ಲರಿಗೂ ಗೊತ್ತಿದೆ. ಆ ಉತ್ತರ ಏನೆಂಬುದಕ್ಕಿಂತ, ಕೇಳಿದ ಮೇಲೆಯೇ ಅದು ತಿಳಿಯಿತೆಂಬುದು ಮುಖ್ಯ.

ನ್ಯಾಯಾಲಯ ಮನಸ್ಸು ಮಾಡಿದರೆ ಈ ರೋಗಕ್ಕೆ ಮದ್ದಿದೆಯೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2020ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದಾಗ ಕೊರೋನಾ ಪಿಡುಗು ಆವರಿಸಿತ್ತು. ಚುನಾವಣೆಯನ್ನು ಮುಂದೂಡಲು ಅದಕ್ಕಿಂತ ಬಲವಾದ ಕಾರಣ ಇನ್ನೊಂದು ಸಿಗಲಾರದು. ಆದರೂ ನವೆಂಬರ್‌ನಲ್ಲಿ ಹೈಕೋರ್ಟು ಮೂರು ವಾರಗಳೊಳಗೆ ವೇಳಾಪಟ್ಟಿ ಪ್ರಕಟಿಸುವಂತೆ ಆದೇಶಿಸಿತು. ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆಯಿತು; ಜನ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಬಂದು ಮತ ಹಾಕಿದರು. ಅಲ್ಲಿ ಗಡುವು ಇತ್ತು, ಚುನಾವಣೆಯಾಯಿತು. ತಾಲೂಕು, ಜಿಲ್ಲಾ ಪಂಚಾಯಿತಿಗಳ ವಿಷಯದಲ್ಲಿ ದಂಡ ಬಿದ್ದಿತು, ಕಾಲಾವಕಾಶವೂ ದೊರೆಯಿತು. ಸರ್ಕಾರ ತೆರುವ ದಂಡ ಜನರ ತೆರಿಗೆಯ ಹಣವೇ ಆಗಿರುವುದರಿಂದ, ಮತ ಕಳೆದುಕೊಂಡವನೇ ದಂಡವನ್ನೂ ತೆತ್ತಂತಾಯಿತು.

ಮತವನ್ನು ಕಾಯುವ ಕೆಲಸ ದೊಡ್ಡ ಪೀಠಗಳಲ್ಲಿ ಮಾತ್ರ ನಡೆಯುವುದೆಂದು ಭಾವಿಸಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಗಣಕಯಂತ್ರದ ಮೂಲಕ 6,018 ಅರ್ಜಿಗಳು ಬಂದವು. ಮನೆ ಮನೆಗೆ ಹೋಗಿ ವಿಚಾರಿಸಿದಾಗ 24 ಮಾತ್ರ ಸರಿಯಾದವು. ಉಳಿದ 5,994 ತಪ್ಪಾಗಿದ್ದವು. ತಪ್ಪು ಅರ್ಜಿಗಳನ್ನು ತಿರಸ್ಕರಿಸಿ, ಫೆಬ್ರುವರಿಯಲ್ಲಿ ಆಳಂದ ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಿಸಲಾಯಿತು. 2018ರಲ್ಲಿ ಇದೇ ಕ್ಷೇತ್ರದ ಫಲಿತಾಂಶ ನಿರ್ಣಯವಾದುದು 697 ಮತಗಳ ಅಂತರದಿಂದ ಎಂಬುದನ್ನು ನೆನೆದರೆ ಆ ಅರ್ಜಿಗಳ ತೂಕ ತಿಳಿಯುತ್ತದೆ. ಅದರ ಹಿಂದಿದ್ದವರಾರೆಂಬುದನ್ನು ನಿರ್ಣಯಿಸುವುದು ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟ ವಿಷಯ. ಇಲ್ಲಿ ಗಮನಿಸಬೇಕಾದುದು, ಸಾವಿರಾರು ಮತಗಳು ಉಳಿದುದು ಯಾವ ಮಹಾತೀರ್ಪಿನಿಂದಲೂ ಅಲ್ಲ ಎಂಬುದು. ಹೆಸರು ತೆಗೆಯುವ ಮೊದಲು ಮನೆಯ ಬಾಗಿಲಿಗೆ ಹೋಗಿ ಕೇಳಬೇಕೆಂಬ ಸಣ್ಣ ನಿಯಮವನ್ನು ಸಣ್ಣ ನೌಕರರು ಪಾಲಿಸಿದುದರಿಂದ ಅವು ಉಳಿದವು. ಆ ಕೆಲಸವನ್ನು ಹಳ್ಳಿಗಳಲ್ಲಿ ಬಹುಮಟ್ಟಿಗೆ ಮಾಡುವವರು ಶಾಲಾ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅವರನ್ನು ಗೌರವದಿಂದ ನೆನೆಯುವುದು ಉಚಿತವೇ ಆಗಿದೆ.

ಆಳಂದದ ಆ ನಿಯಮದಲ್ಲಿರುವ ತತ್ವವೇ ಮೇಲಿನವರಿಗೂ ಅನ್ವಯಿಸಬೇಕು. ಮತದಾರನ ಹೆಸರನ್ನು ತೆಗೆಯುವ ಮೊದಲು ಆತನನ್ನು ಕೇಳಬೇಕಾದರೆ, ಆತನ ಸರ್ಕಾರವನ್ನು ತೆಗೆಯುವ ಮೊದಲೂ ಕೇಳಬೇಕು. ಆತನ ಪಂಚಾಯಿತಿಯನ್ನು ಅಧಿಕಾರಿಗೆ ಒಪ್ಪಿಸುವ ಮೊದಲೂ ಕೇಳಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಇರುವ ವಿಧಿಯನ್ನು ಪಾಲಿಸಿದರೆ ಸಾಕು. ಗಡಿ ಮತ್ತು ಮೀಸಲಾತಿಯ ಕೆಲಸ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಮುಗಿಯಬೇಕು. ಮುಗಿಯದಿದ್ದರೆ ಹಳೆಯ ಗಡಿಯಲ್ಲಿಯೇ ಚುನಾವಣೆ ನಡೆಯಬೇಕು. ಚುನಾವಣೆಯ ವ್ಯಾಜ್ಯ ಬಂದಾಗ ನ್ಯಾಯಾಲಯಗಳು ವರ್ಷಗಳನ್ನಲ್ಲ, ವಾರಗಳನ್ನು ಎಣಿಸಬೇಕು. ಏಕೆಂದರೆ ಭೂಮಿಯ ವ್ಯಾಜ್ಯ ಹತ್ತು ವರ್ಷ ನಡೆದರೂ ಗೆದ್ದವನಿಗೆ ಭೂಮಿ ದೊರೆಯುತ್ತದೆ. ಕಳೆದ ಐದು ವರ್ಷಗಳ ಮತವನ್ನು ಯಾವ ತೀರ್ಪೂ ಮರಳಿ ತಂದುಕೊಡಲಾರದು.

ಇಂದು ಈ ಭಾಗದ ಶಾಲೆಗಳಲ್ಲಿ ಕಲಿಯುತ್ತಿರುವ ಮಕ್ಕಳು ಕೆಲವೇ ವರ್ಷಗಳಲ್ಲಿ ಮತದಾರರಾಗುವರು. ಯಾರಿಗೆ ಮತ ಹಾಕಬೇಕೆಂದು ಅವರಿಗೆ ಹೇಳಿಕೊಡುವುದು ಶಾಲೆಯ ಕೆಲಸವಲ್ಲ. ತಮ್ಮ ಗ್ರಾಮ, ತಾಲೂಕು, ಜಿಲ್ಲೆಗಳ ಪಂಚಾಯಿತಿಗಳ ಅವಧಿ ಯಾವ ದಿನ ಆರಂಭವಾಯಿತು, ಯಾವ ದಿನ ಮುಗಿಯುತ್ತದೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರುವಂತೆ ಮಾಡುವುದು ಶಾಲೆಯ ಕೆಲಸ. ಆ ದಿನ ಕಳೆದು ಮರುದಿನ ಬೆಳಗಾಗುವುದರೊಳಗೆ ಚುನಾವಣೆ ಏಕಾಗಲಿಲ್ಲವೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹತ್ತು ಜನ ಪ್ರತಿ ಊರಿನಲ್ಲಿದ್ದರೆ, ಯಾವ ಸರ್ಕಾರವೂ ನಾಲ್ಕು ವರ್ಷ ಸುಮ್ಮನಿರಲು ಧೈರ್ಯ ಮಾಡದು.